ಪಕ್ಕದ ಸೀಟಿನ ಬ್ರೇಕು

ಜನವರಿ ೧೨

ಗುಬ್ಬಿ,

ಫೋನಿನಲ್ಲಾದರೆ ನಾವಿಬ್ಬರೂ ಒಂದೇ ಸಲ ಬಾಯಿ ತೆರೆಯುತ್ತೇವೆ, ಆಮೇಲೆ ಒಂದೇ ಸಲ ಸುಮ್ಮನಾಗುತ್ತೇವೆ. ಕಾಗದ ಬರೆಯೋಣ ಎಂದು ನೀನು ಹೇಳಿದ್ದು ಒಳ್ಳೆಯದಾಯಿತು. ಕಾಗದದಲ್ಲಿ ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಕಾಯಲೇಬೇಕು. ಮೊದಲ ಸರದಿ ನನ್ನದೆಂದು ಯಾರು ತೀರ್ಮಾನ ಮಾಡಿದರೋ ಗೊತ್ತಿಲ್ಲ.

ಇಲ್ಲಿಯ ಸುದ್ದಿಯೆಂದರೆ ರಸ್ತೆ. ಹೆದ್ದಾರಿ ಅಗಲ ಮಾಡಲು ಅಗೆಯುತ್ತಿದ್ದಾರೆ. ಹಳೆಯ ಸೇತುವೆ, ಅದರಾಚೆಯ ತಿರುವು ದಾಟಿದ ಕೂಡಲೇ ಒಂದು ಪಥ ಮುಚ್ಚಿ ಕಿತ್ತಳೆ ಬಣ್ಣದ ಕೋನುಗಳನ್ನು ಓರೆಯಾಗಿ ಸಾಲು ನಿಲ್ಲಿಸಿದ್ದಾರೆ. ಎರಡು ಸಾಲಿನ ವಾಹನ ಒಂದು ಸಾಲಾಗಿ ನುಸುಳಬೇಕು. ಕೋನುಗಳ ಬಾಯಲ್ಲಿ ಒಬ್ಬಳು ಹೆಂಗಸು ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರು ಬಳಿದ ಹಲಗೆ ಹಿಡಿದು ನಿಂತಿರುತ್ತಾಳೆ. ಅವಳ ಪಕ್ಕದಲ್ಲಿ ಒಂದು ಮರದ ಸ್ಟೂಲು. ಅವಳು ಅದರ ಮೇಲೆ ಕೂತದ್ದನ್ನು ನಾನು ಕಂಡಿಲ್ಲ. ಅವಳ ಊಟದ ಡಬ್ಬಿ ಕೂತಿರುತ್ತದೆ.

ನಾಲ್ಕನೆಯ ಗೇರು ಕಲಿಸಲು ನನಗಿರುವುದು ಆ ರಸ್ತೆಯೊಂದೇ. ದಿನಾ ಬೆಳಿಗ್ಗೆ ಕೋನುಗಳ ಪಕ್ಕ ಹಾದು, ಪೆಟ್ರೋಲ್ ಬಂಕಿನ ಹತ್ತಿರ ತಿರುಗಿಸಿ, ವಾಪಸ್ಸು ಬಂದು, ಮತ್ತೆ ಹೋಗುತ್ತೇವೆ. ಈಗ ಒಬ್ಬ ನರ್ಸು ಕಲಿಯಲು ಬರುತ್ತಿದ್ದಾಳೆ. ಹಳ್ಳಿಹಳ್ಳಿ ಸುತ್ತುವ ಕೆಲಸ ಅವಳದು. ಸೂಜಿ ಹಿಡಿದಾಗ ಕಲ್ಲಿನಂತಿರುವ ಕೈ ಸ್ಟಿಯರಿಂಗ್ ಮುಟ್ಟಿದ ಕೂಡಲೇ ನಡುಗುತ್ತದೆ. ಬೇಕರಿಯವರೂ ಮತ್ತೆ ಸೇರಿಕೊಂಡಿದ್ದಾರೆ. ಹಿಂದೆ ಎರಡು ಸಲ ನಪಾಸಾದವರು. ಅವರಿಗೆ ಗೇರು ಬದಲಿಸುವಾಗಲೂ ಮಾತಾಡುತ್ತಿರಬೇಕು.

ಮೊನ್ನೆ ಕಾರನ್ನು ಗ್ಯಾರೇಜಿಗೆ ಬಿಟ್ಟಿದ್ದೆ. ಪಕ್ಕದ ಸೀಟಿನ, ನನ್ನ ಕಡೆಯ ಬ್ರೇಕ್ ಪೆಡಲಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿತ್ತು. ಮೆಕ್ಯಾನಿಕ್ಕು ಎರಡೂ ಕಡೆ ಬಗ್ಗಿ ನೋಡಿ, "ಏನಮ್ಮಾ ಇದು? ಕಲಿಯೋರ ಪೆಡಲು ಹೊಸ ಹೆಂಡ್ತಿ ಥರ ಮಿರಮಿರ ಅಂತಿದೆ, ಕಲಿಸೋರದ್ದು ಸವೆದು ಚಿಂದಿ ಆಗಿದೆ. ಗಾಡಿ ಓಡಿಸ್ತಿರೋದು ಯಾರು?" ಅಂದ. ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬಂದಮೇಲೆ ನಗು ಬರಲಿಲ್ಲ.

ಇನ್ಶೂರೆನ್ಸಿನವರು ಕಾರಿನಲ್ಲಿ ಒಂದು ಕಪ್ಪು ಡಬ್ಬಿ ಕೂರಿಸಿದ್ದಾರೆ. ಸೀಟಿನ ಕೆಳಗೆ ಸಣ್ಣ ದೀಪ ಮಿಣುಕುತ್ತದೆ. ಅದು ಏನು ಬರೆದುಕೊಳ್ಳುತ್ತದೆ? ನಿನಗೆ ಗೊತ್ತಿರಬೇಕು.

ನಿನ್ನ ಅಮ್ಮ
(ಊರಿನವರಿಗೆ ಈಗಲೂ ಬ್ರೇಕಮ್ಮ)


ಫೆಬ್ರವರಿ ೩

ಅಮ್ಮಾ,

ಆ ಡಬ್ಬಿ ಬರೆದುಕೊಂಡದ್ದು ಸುತ್ತಿಬಳಸಿ ನನ್ನ ಮೇಜಿಗೇ ಬರುತ್ತದೆ. ಇದನ್ನು ನಿನಗೆ ಹೇಗೆ ಹೇಳುವುದೆಂದು ತಿಳಿಯದೆ ಇಷ್ಟು ದಿನ ತಡಮಾಡಿದೆ.

ಮೊದಲೆಲ್ಲ ರಸ್ತೆ ಅಗೆಯುವ ಕಡೆ ಅಪಾಯವಿದೆಯೇ ಎಂದು ತಿಳಿಯಲು ನಮ್ಮ ಇಲಾಖೆ ಅಪಘಾತ ಆಗುವ ತನಕ ಕಾಯುತ್ತಿತ್ತು. ಆದಮೇಲೆ ಎಣಿಸುತ್ತಿತ್ತು. ಈಗ ಹಾಗಲ್ಲ. ಡಬ್ಬಿಯಿರುವ ಪ್ರತಿ ವಾಹನ ಹೋದ ದಾರಿ ನಮ್ಮ ಪರದೆಯ ಮೇಲೆ ತೆಳುವಾದ ಗೆರೆಯಾಗಿ ಬರುತ್ತದೆ. ಯಾರಾದರೂ ಜೋರಾಗಿ ಬ್ರೇಕ್ ಒತ್ತಿದ ಕಡೆ ಒಂದು ಕೆಂಪು ಚುಕ್ಕಿ. ಒಂದೇ ಜಾಗದಲ್ಲಿ ಚುಕ್ಕಿಗಳು ಗುಂಪುಗೂಡಿದರೆ ಅಲ್ಲಿ ಏನೋ ಸರಿಯಿಲ್ಲ ಎಂದರ್ಥ: ಬೋರ್ಡು ತಡವಾಗಿ ಕಾಣುತ್ತಿರಬಹುದು, ಕೋನುಗಳ ಓರೆ ತೀರಾ ಚಿಕ್ಕದಾಗಿರಬಹುದು. ಆಗಿಬಿಡುತ್ತಿತ್ತು, ಆದರೆ ಆಗಲಿಲ್ಲ ಎನ್ನುವಂಥದನ್ನು ನಾವು ಎಣಿಸುತ್ತೇವೆ. ಜನ ಇದನ್ನು ಕೆಲಸ ಎಂದು ಒಪ್ಪುವುದಿಲ್ಲ.

ಗೆರೆಗೆ ನಂಬರಿಲ್ಲ, ಹೆಸರಿಲ್ಲ. ನಮ್ಮ ಮುಖ್ಯಸ್ಥರು ಹೊಸಬರಿಗೆಲ್ಲ ಹೇಳುವ ಮೊದಲ ಮಾತು, "ಚುಕ್ಕಿಗೆ ಹೆಸರಿಡಬೇಡಿ." ಆದರೆ ಈ ತಿಂಗಳು ನನ್ನ ಪಾಲಿಗೆ ಬಂದ ರಸ್ತೆಗಳಲ್ಲಿ ನಮ್ಮೂರಿನದೂ ಇತ್ತು. ದಿನಾ ಬೆಳಿಗ್ಗೆ ಬಂಕಿನ ತನಕ ಹೋಗಿ, ತಿರುಗಿ ಬಂದು, ಮತ್ತೆ ಹೋಗುವ ಗೆರೆ ಊರಿಗೆಲ್ಲ ಒಂದೇ. ಹೆಸರಿಡುವ ಅಗತ್ಯ ಬೀಳಲಿಲ್ಲ.

ನಿನ್ನ ಗೆರೆಯನ್ನು ಲೆಕ್ಕದಿಂದ ತೆಗೆದಿಟ್ಟಿದ್ದೇನೆ. ಕಲಿಯುವವರು ಕಾರಣವಿಲ್ಲದೆ ಬ್ರೇಕ್ ಹಾಕುತ್ತಾರೆ, ಅವರನ್ನು ಸೇರಿಸಿದರೆ ರಸ್ತೆಯ ಮೇಲೆ ಸುಳ್ಳು ಆಪಾದನೆ ಹೊರಿಸಿದಂತಾಗುತ್ತದೆ. ತೆಗೆದಮೇಲೆ ಅಲ್ಲಿ ಹೇಳಿಕೊಳ್ಳುವಂಥ ಚುಕ್ಕಿಗಳೇ ಇಲ್ಲ. ಅಪಾಯವಿಲ್ಲ ಎಂದು ಹಸಿರು ಗುರುತು ಹಾಕಿದೆ. ಜೂನ್ ಕೊನೆಗೆ ಅವರು ಇನ್ನೊಂದು ಪಥದ ಕೆಲಸವನ್ನೂ ಶುರುಮಾಡುವವರು. ಅದರೊಳಗೆ ನಾನು ಕೊನೆಯ ವರದಿ ಕೊಡಬೇಕು.

ಡಿಸೆಂಬರಿನಲ್ಲಿ ನಿನ್ನ ಗೆರೆಯ ಮೇಲೆ ಒಂದೂ ಚುಕ್ಕಿ ಇರಲಿಲ್ಲ. ನಾನು ಕಲಿಯುವಾಗಲೂ ಹೀಗೇ, ಅಲ್ಲವಾ? ಒಂದೇ ಒಂದು ಸಲವೂ ಕಾರು ಜರ್ಕು ಹೊಡೆದದ್ದು ನನಗೆ ನೆನಪಿಲ್ಲ. ಎಷ್ಟು ನುಣುಪಾಗಿ ನಿಲ್ಲುತ್ತಿತ್ತೆಂದರೆ, ಪರೀಕ್ಷೆಯ ದಿನ ನಿನ್ನ ಸೀಟಿನಲ್ಲಿ ಪರೀಕ್ಷಕರು ಕೂತಿದ್ದಾಗ, ಅದು ತಾನಾಗಿಯೇ ನಿಲ್ಲುತ್ತದೆ ಎಂದು ನಾನು ಕಾದೆ. ಲೈಸೆನ್ಸು ಆಫೀಸಿನ ಗೋಡೆಗೆ ಬಣ್ಣ ಬಳಿಸಿದರೋ ಇಲ್ಲವೋ?

ಜನವರಿ ಕೊನೆಯಿಂದ ನಿನ್ನ ಗೆರೆಯ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕಿ ಕಾಣುತ್ತಿದೆ. ಕಾಲು ಹೇಗಿದೆ? ಅಜ್ಜಿಗೆ ಕಾಲು ಮರಗಟ್ಟಲು ಶುರುವಾದದ್ದು ನಿನ್ನ ವಯಸ್ಸಿನಲ್ಲೇ ಅಲ್ಲವಾ?

ಗುಬ್ಬಿ


ಫೆಬ್ರವರಿ ೨೦

ಗುಬ್ಬಿ,

ಗೋಡೆಗೆ ಬಣ್ಣ ಬಳಿದಿದ್ದಾರೆ. ಆದರೆ ನೀನು ಗುದ್ದಿದ ಜಾಗದಲ್ಲಿ ಗಾರೆ ಉಬ್ಬಿಕೊಂಡಿದೆ, ಗೊತ್ತಿದ್ದವರಿಗೆ ಕಾಣುತ್ತದೆ.

ನನ್ನನ್ನು ನೀನು ಅಲ್ಲಿಂದ ನೋಡುತ್ತಿದ್ದೀಯ ಎಂದು ತಿಳಿದಮೇಲೆ ಎರಡು ದಿನ ಕಾರಿನಲ್ಲಿ ಸೆರಗು ಸರಿಮಾಡಿಕೊಂಡು ಕೂತಿದ್ದೆ. ಆಮೇಲೆ ನೀನು ನೋಡುವುದು ಬರೀ ಗೆರೆ ಎಂದು ನೆನಪಾಯಿತು.

ಹಲಗೆ ಹಿಡಿಯುವವಳ ಪರಿಚಯವಾಗಿದೆ. ಅವಳು ನಮ್ಮನ್ನು ಕಂಡರೆ ಕೋನುಗಳ ಒಳಗೆ ಸರಿದುಬಿಡುತ್ತಾಳೆ. ನಿನ್ನೆ ಕಾರು ನಿಲ್ಲಿಸಿದಾಗ ಕಿಟಕಿಗೆ ಬಗ್ಗಿ ಹೇಳಿದಳು: "ಅಕ್ಕಾ, ತಪ್ಪು ತಿಳ್ಕೋಬೇಡಿ. ಲಾರಿ ಬಂದ್ರೆ ನಾನು ಹೆದರಲ್ಲ. ನಿಮ್ಮ ಕಾರಿನ ಕೆಂಪು ಎಲ್ ಬೋರ್ಡು ಕಂಡ್ರೆ ಎದೆ ಹೊಡ್ಕೊಳ್ಳುತ್ತೆ."

ನರ್ಸು, "ನನಗೂ ಹಾಗೇ ಕಣಮ್ಮ, ನಾನು ಒಳಗೇ ಕೂತಿದೀನಿ, ಎಲ್ಲಿಗೆ ಸರೀಲಿ?" ಅಂದಳು.

ಮೂವರೂ ನಕ್ಕೆವು. ಹಿಂದಿನಿಂದ ಯಾರೋ ಹಾರನ್ ಹೊಡೆದರು. ನರ್ಸು ಗಾಬರಿಯಲ್ಲಿ ಕ್ಲಚ್ಚು ಬಿಟ್ಟಳು, ಕಾರು ಕೆಮ್ಮಿ ನಿಂತಿತು. ಆಮೇಲೆ ತಾನೇ ಚಾಲೂ ಮಾಡಿ, ತಾನೇ ಹೊರಟಳು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಹಿತ್ತಲ ನಲ್ಲಿ ರಿಪೇರಿಯಾಯಿತು. ನಿನ್ನ ಕೋಣೆಯ ಕಿಟಕಿಗೆ ಪರದೆ ಬದಲಿಸಿದ್ದೇನೆ, ನಿನಗೆ ಇಷ್ಟವಾಗದ ಬಣ್ಣ. ಇಷ್ಟವಾಗದಿದ್ದರೆ ಬಂದು ಬದಲಿಸು.

ಅಮ್ಮ


ಮಾರ್ಚ್ ೨೫

ಅಮ್ಮಾ,

ನಾನು ಕೇಳಿದ್ದಕ್ಕೆ ನೀನು ಉತ್ತರ ಕೊಟ್ಟಿಲ್ಲ. ಗೋಡೆ, ನಲ್ಲಿ, ಪರದೆ, ಎಲ್ಲಕ್ಕೂ ಕೊಟ್ಟಿದ್ದೀಯ.

ಹೋದ ತಿಂಗಳ ಗೆರೆಗಳು ಬಂದಿವೆ. ನಿನ್ನದನ್ನು ನೋಡಬಾರದು ಎಂದುಕೊಂಡೇ ನೋಡಿದೆ. ಮೊದಲೆಲ್ಲ ಸೇತುವೆಯ ಮೇಲೇ ಕಾರಿನ ವೇಗ ಇಳಿಯುತ್ತಿತ್ತು, ನೀನು ಅಲ್ಲೇ ಮೆಲ್ಲಗೆ ಒತ್ತಲು ಶುರುಮಾಡುತ್ತಿದ್ದೆ. ಮೆಲ್ಲಗೆ ಒತ್ತಿದ್ದು ಚುಕ್ಕಿಯಾಗುವುದಿಲ್ಲ. ಈಗ ದಿನಕ್ಕೊಂದು ಚುಕ್ಕಿಯಾದರೂ ಇದೆ, ಅದೂ ತಿರುವಿನಾಚೆ, ಮೊದಲ ಕೋನಿಗೆ ತೀರಾ ಹತ್ತಿರ. ನಿನ್ನ ಕಾಲು ತಡಮಾಡುತ್ತಿದೆ. ಬೇರೆ ಯಾರ ಗೆರೆಯಾಗಿದ್ದರೂ ನಾನು ಇದೇ ಮಾತು ಹೇಳುತ್ತಿದ್ದೆ. ನಿನ್ನದಾದ್ದರಿಂದ ಇಷ್ಟು ದಿನ ಹೇಳಲಿಲ್ಲ.

ಅಜ್ಜಿಯನ್ನು ನೆನಪುಮಾಡಿಕೋ. ಅಂಗಡಿಯಿಂದ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಿದ್ದಳು. ಇನ್ನೊಂದು ಎಲ್ಲಿ ಎಂದು ನೀನು ಕೇಳಿದಾಗ ಕೆಳಗೆ ನೋಡಿಕೊಂಡು, "ಅಯ್ಯೋ, ಇದ್ಯಾವಾಗ ಹೋಯ್ತು?" ಅಂದಳು. ನಾವಿಬ್ಬರೂ ಬೀದಿಯುದ್ದ ಹುಡುಕುತ್ತಾ ಹೋದೆವು. ಚಪ್ಪಲಿ ರಸ್ತೆಯ ನಡುವೆ ಬಿದ್ದಿತ್ತು. ನೀನು ಅದನ್ನು ಎತ್ತಿಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ನಿನ್ನ ಮುಖ ಹೇಗಿತ್ತೆಂದು ನನಗೆ ಗೊತ್ತು, ನಿನಗೆ ಗೊತ್ತಿಲ್ಲ.

ಸ್ವಲ್ಪ ದಿನ ಕಲಿಸುವುದನ್ನು ನಿಲ್ಲಿಸು. ಡಾಕ್ಟರಿಗೆ ತೋರಿಸು. ಆ ಕೋನುಗಳ ಬಾಯಲ್ಲಿ ಒಬ್ಬಳು ನಿಂತಿರುತ್ತಾಳೆ ಎಂದು ನೀನೇ ಬರೆದಿದ್ದೀಯ. ನಿನಗೆ ಬೇಸರವಾದರೂ ಸರಿ, ನಾನು ಇದನ್ನು ಕೇಳಲೇಬೇಕು.

ಗುಬ್ಬಿ


ಏಪ್ರಿಲ್ ೨

ಗುಬ್ಬಿ,

ಕಾಲು ಚೆನ್ನಾಗಿದೆ.

ನಾನು ಈ ಕೆಲಸ ಮಾಡಿ ನಿನ್ನನ್ನು ಓದಿಸಿದೆ ಎಂದು ಬರೆಯಲು ಹೊರಟಿದ್ದೆ. ಆ ಹಾಳೆ ಹರಿದುಹಾಕಿದೆ. ನಿಲ್ಲಿಸುವುದಿಲ್ಲ. ನರ್ಸಿನ ಪರೀಕ್ಷೆ ಹತ್ತಿರ ಬಂದಿದೆ.

ಅಮ್ಮ


ಜೂನ್ ೯

ಗುಬ್ಬಿ,

ಸರದಿ ನಿನ್ನದಾಗಿತ್ತು. ಕಾದೆ. ಬೇಸಿಗೆ ಮುಗಿಯಿತು.

ಮೇ ತಿಂಗಳಲ್ಲಿ ಲೈಸೆನ್ಸು ಆಫೀಸಿನಿಂದ ಕಾಗದ ಬಂತು. ಕಾಲಿನ ತಪಾಸಣೆ ಆಗುವ ತನಕ ಕಲಿಸುವ ಹಾಗಿಲ್ಲ ಎಂದು ಬರೆದಿತ್ತು. ಕಾರಿಗೆ ಹೊದಿಕೆ ಹಾಕಿದೆ. ಬೆಳಿಗ್ಗೆ ಎದ್ದು, ತಲೆ ಬಾಚಿ, ಬೀಗದ ಕೈ ಹಿಡಿದುಕೊಂಡು ಬಾಗಿಲ ತನಕ ಹೋಗುವುದು, ವಾಪಸ್ಸು ಬರುವುದು. ನರ್ಸು ತನ್ನ ತರಗತಿಯ ಹೊತ್ತಿಗೆ ಬಂದು ಅಡುಗೆಮನೆಯಲ್ಲಿ ಕೂರುತ್ತಿದ್ದಳು. ಖಾಲಿ ತಟ್ಟೆಯನ್ನು ಸ್ಟಿಯರಿಂಗಿನಂತೆ ಹಿಡಿದು, "ಮೇಡಂ, ಸೇತುವೆ ಬಂತು, ಈಗ ಮೂರನೇ ಗೇರಾ?" ಎಂದು ಕೇಳುತ್ತಿದ್ದಳು. ಬೇಕರಿಯವರು ದಿನಾ ಬ್ರೆಡ್ಡು ಕಳಿಸಿದರು, ಯಾರೋ ಸತ್ತ ಮನೆಗೆ ಕಳಿಸುವ ಹಾಗೆ.

ಹೋದ ವಾರ ಪರೀಕ್ಷಕರು ಬಂದರು. ಅದೇ ಪರೀಕ್ಷಕರು, ಮೀಸೆ ಬೆಳ್ಳಗಾಗಿದೆ. ಜೊತೆಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು. ಡಾಕ್ಟರು ನನ್ನ ಚಪ್ಪಲಿ ಬಿಡಿಸಿ, ಕಣ್ಣು ಮುಚ್ಚಿಸಿ, ಪೆನ್ನಿನ ತುದಿಯಿಂದ ಅಂಗಾಲು ಮುಟ್ಟುತ್ತಾ, "ಎಲ್ಲಿ ಮುಟ್ಟಿದೆ ಹೇಳಿ" ಅಂದರು. ನನಗೆ ಮೊದಲಿನಿಂದಲೂ ಕಚಗುಳಿ ಜಾಸ್ತಿ. ಎರಡನೆಯ ಸಲಕ್ಕೇ ಒದ್ದುಬಿಟ್ಟೆ. ಡಾಕ್ಟರ ಕನ್ನಡಕ ಹಾರಿಹೋಯಿತು.

"ಮೇಡಂ, ಇಷ್ಟು ಚುರುಕಾದ ಕಾಲನ್ನ ನಾನು ಈ ವರ್ಷ ನೋಡಿಲ್ಲ," ಎಂದು ಕನ್ನಡಕ ಒರೆಸಿಕೊಳ್ಳುತ್ತಾ ಸಹಿ ಹಾಕಿದರು.

ಹೊರಡುವಾಗ ಪರೀಕ್ಷಕರನ್ನು ಕೇಳಿದೆ, "ದೂರು ಕೊಟ್ಟಿದ್ಯಾರು?"

"ಹೇಳೋ ಹಾಗಿಲ್ಲ ಮೇಡಂ."

"ಸರಿ ಬಿಡಿ."

ಬಾಗಿಲು ದಾಟಿದವರು ಮತ್ತೆ ಒಳಗೆ ಬಂದರು. "ದೂರಲ್ಲ ಅದು. ನಮ್ಮ ಗೋಡೆ ಹುಡುಗಿ ಫೋನ್ ಮಾಡಿದ್ಲು. ಪೂರ್ತಿ ಮಾತಾಡೋಕೂ ಆಗ್ಲಿಲ್ಲ ಪಾಪ, ಅಳ್ತಾ ಇದ್ಲು. ನಾನು ಹೇಳಿದೆ ಅಂತ ಹೇಳ್ಬೇಡಿ."

ನೀನು ಅಳುತ್ತಿದ್ದೆ ಎಂದು ಅವರು ಹೇಳದೆ ಹೋಗಿದ್ದರೆ ಈ ಕಾಗದ ಬೇರೆ ಥರ ಇರುತ್ತಿತ್ತು.

ಈಗ ಕೇಳು. ನಿನ್ನ ಚುಕ್ಕಿಗಳು ನನ್ನವಲ್ಲ. ಮೆಕ್ಯಾನಿಕ್ಕು ಆ ಮಾತು ಆಡಿದ ಮೇಲೆ ನಾನು ಒತ್ತುವುದನ್ನು ಬಿಟ್ಟಿದ್ದೇನೆ. ಕಾಲು ಪೆಡಲಿನ ಮೇಲೇ ಇರುತ್ತದೆ. ಒತ್ತಲೇಬೇಕಾದ ಜಾಗ ಯಾವುದೆಂದು ನನಗೆ ಗೊತ್ತು, ಅಲ್ಲಿಯ ತನಕ ಒತ್ತದೆ ಕಾಯುತ್ತೇನೆ. ಆ ಜಾಗಕ್ಕೆ ಮುಂಚೆ ಅವರೇ ಒತ್ತುತ್ತಾರೆ. ಜೋರಾಗಿ ಒತ್ತುತ್ತಾರೆ, ನನ್ನ ತಲೆ ಮುಂದೆ ಹೋಗಿ ಹಿಂದೆ ಬರುತ್ತದೆ, ಆದರೆ ಒತ್ತುವವರು ಅವರು. ಹೊರಗಿನಿಂದ ನೋಡಿದವರಿಗೆ ನಾನು ಏನೂ ಮಾಡುತ್ತಿಲ್ಲ ಎಂದೇ ಅನ್ನಿಸಬೇಕು. ಆದರೆ ಮನೆಗೆ ಬಂದಮೇಲೆ ಮೀನಖಂಡ ಕಲ್ಲಾಗಿರುತ್ತದೆ. ಒತ್ತುವುದಕ್ಕಿಂತ ಒತ್ತದೆ ಇರುವುದಕ್ಕೆ ಕಾಲಿಗೆ ಹೆಚ್ಚು ಕಸುವು ಬೇಕು. ಇಷ್ಟು ವರ್ಷ ನನಗೆ ಇದು ಗೊತ್ತಿರಲಿಲ್ಲ. ಫೆಬ್ರವರಿಯಲ್ಲೇ ಬರೆಯಬಹುದಿತ್ತು. ಬರೆದರೆ ನಿನಗೂ ನಾನೇ ಒತ್ತುತ್ತಿದ್ದದ್ದು, ಆಮೇಲೆ ಆ ಗೋಡೆ ನಿನಗೆ ನೆನಪಾಗುತ್ತದೆ ಎಂದು ಬರೆಯಲಿಲ್ಲ.

"ಬ್ರೇಕಮ್ಮ ಬ್ರೇಕ್ ಹಾಕೋದನ್ನ ಮರೆತುಬಿಟ್ಟಿದ್ದಾರೆ" ಎಂದು ಬೇಕರಿಯವರು ಊರೆಲ್ಲ ಸಾರಿದ್ದಾರೆ.

ಇನ್ನೊಂದು ವಿಷಯ. ಮೊನ್ನೆ ಹೊರಗಿನಿಂದ ಬಂದ ಲಾರಿಯೊಂದು ತಿರುವು ದಾಟಿ ನೇರ ಕೋನುಗಳ ಮೇಲೆ ಹೋಯಿತು. ಹಲಗೆಯವಳು ನೀರು ತುಂಬಿಸಿಕೊಳ್ಳಲು ಆಚೆ ಹೋಗಿದ್ದಳು. ಅವಳ ಸ್ಟೂಲಿನ ಕಾಲೊಂದು ಸೇತುವೆಯ ಹತ್ತಿರ ಸಿಕ್ಕಿತಂತೆ. "ಬೋರ್ಡು ಕಾಣ್ಲೇ ಇಲ್ಲ" ಎಂದು ಡ್ರೈವರು ತಲೆ ಹಿಡಿದುಕೊಂಡು ರಸ್ತೆಯ ಅಂಚಿನಲ್ಲಿ ಕೂತಿದ್ದನಂತೆ. ನೀನು ಅಲ್ಲಿಗೆ ಹಸಿರು ಹಾಕಿದ್ದೆ ಎಂದು ನೆನಪಿದೆ. ಈ ಮಾತು ನಿನಗೆ ನೋವು ಮಾಡಲಿ ಎಂದು ಬರೆಯುತ್ತಿಲ್ಲ.

ಅಮ್ಮ


ಜೂನ್ ೧೮

ಅಮ್ಮಾ,

ನಿನ್ನ ಕಾಗದವನ್ನು ಆಫೀಸಿನ ಮೆಟ್ಟಿಲ ಮೇಲೆ ಕೂತು ಓದಿದೆ. ಮೀನಖಂಡದ ಮಾತು ಬಂದಲ್ಲಿಗೆ ನಿಲ್ಲಿಸಿ, ಮತ್ತೆ ಮೊದಲಿನಿಂದ ಓದಿದೆ. ಅದರ ಬಗ್ಗೆ ಏನು ಬರೆದರೂ ನನಗೇ ಸರಿಬರುತ್ತಿಲ್ಲ. ಕೆಲಸದ ವಿಷಯ ಬರೆಯುತ್ತೇನೆ.

ಮೇಲೆ ಹೋಗಿ, ತೆಗೆದಿಟ್ಟಿದ್ದ ನಿನ್ನ ಗೆರೆಯನ್ನು ಪರದೆಗೆ ವಾಪಸ್ಸು ತಂದೆ. ಫೆಬ್ರವರಿಯಿಂದ ಈಚೆಗಿನದನ್ನೆಲ್ಲ ಒಂದರ ಮೇಲೊಂದು ಹಾಕಿದೆ. ಚುಕ್ಕಿಗಳು ಕೋನಿನ ಕಡೆಗೆ ಜಾರುತ್ತಿವೆ ಎಂದು ನಾನು ತಿಳಿದಿದ್ದೆನಲ್ಲ, ಅವು ಜಾರುತ್ತಿರಲಿಲ್ಲ. ಒಂದು ಜಾಗಕ್ಕೆ ಬಂದು ಅಲ್ಲೇ ರಾಶಿಬಿದ್ದಿದ್ದವು. ಸೋತ ಕಾಲಾಗಿದ್ದರೆ ದಿನಕ್ಕೊಂದು ಕಡೆ ಸೋಲುತ್ತಿತ್ತು. ನರ್ಸು, ಬೇಕರಿಯವರು, ನನಗೆ ಗೊತ್ತಿಲ್ಲದ ಇನ್ನೂ ಕೆಲವರು, ಎಲ್ಲರೂ ಒಂದೇ ಜಾಗದಲ್ಲಿ ಬೆಚ್ಚಿಬಿದ್ದಿದ್ದಾರೆ. ಇದು ನನಗೆ ಮೊದಲೇ ಕಾಣಬೇಕಿತ್ತು. ನಾನು ಆ ಚುಕ್ಕಿಗಳಿಗೆ ಹೆಸರಿಟ್ಟಿದ್ದೆ. ಹೆಸರಿಟ್ಟ ಮೇಲೆ ಬೇರೇನೂ ಕಾಣಲಿಲ್ಲ.

ಮರುದಿನ ಇಲ್ಲಿಂದ ಒಬ್ಬರನ್ನು ಕಳಿಸಿ ಫೋಟೋ ತೆಗೆಸಿದೆ. ಸೇತುವೆಯ ತಿರುವಿನಲ್ಲಿ ಗುತ್ತಿಗೆದಾರರು ಜಲ್ಲಿ ಸುರಿದಿದ್ದಾರೆ. ಆ ಗುಡ್ಡೆ ದಾಟುವ ತನಕ 'ಪಥ ಮುಚ್ಚಿದೆ' ಎನ್ನುವ ಬೋರ್ಡು ಕಾಣುವುದಿಲ್ಲ. ಕಂಡಾಗ ಕೋನು ಮೂಗಿನ ಮುಂದಿರುತ್ತದೆ. ಊರಿನವರಿಗೆ ಬೋರ್ಡು ಬೇಕಿಲ್ಲ, ರೂಢಿಯ ಮೇಲೆ ಸೇತುವೆಯಲ್ಲೇ ನಿಧಾನ ಮಾಡುತ್ತಾರೆ, ಅದಕ್ಕೇ ಅವರ ಗೆರೆಗಳ ಮೇಲೆ ಚುಕ್ಕಿಯಿಲ್ಲ. ಹೊರಗಿನ ಹಳೆಯ ಲಾರಿಗಳಲ್ಲಿ ಡಬ್ಬಿಯೇ ಇಲ್ಲ. ಆ ರಸ್ತೆಯನ್ನು ಹೊಸ ಕಣ್ಣಿನಿಂದ ನೋಡಿದವರು ನಿನ್ನ ಕಾರಿನಲ್ಲಿದ್ದವರು ಮಾತ್ರ. ಅದೂ ನೀನು ಒತ್ತದೆ ಇದ್ದದ್ದರಿಂದ. ಅವರನ್ನೇ ಲೆಕ್ಕದಿಂದ ಹೊರಗಿಟ್ಟು ನಾನು ಹಸಿರು ಹಾಕಿದ್ದೆ.

ಮುಖ್ಯಸ್ಥರಿಗೆ ಹೇಳಿದೆ. "ಕಲಿಯೋರ ಗಾಡಿ ಅದು, ಯಾಕೆ ನಂಬಬೇಕು?" ಅಂದರು.

"ಕಲಿಸೋರು ಸುಮ್ಮನಿದ್ದರು ಸಾರ್," ಅಂದೆ.

"ನಿಮಗೆ ಹೇಗೆ ಗೊತ್ತು?"

ಹೇಳಿದೆ. ಅವರು ಪರದೆಯ ಹತ್ತಿರ ಬಗ್ಗಿ ಚುಕ್ಕಿಗಳನ್ನು ಎಣಿಸಿದರು. ಆಮೇಲೆ ಹಸಿರು ತೆಗೆದು ಕೆಂಪು ಹಾಕಲು ಹೇಳಿದರು. ಊರಿನ ರಸ್ತೆಯನ್ನು ಇನ್ನು ಬೇರೆಯವರಿಗೆ ಕೊಡುತ್ತಾರಂತೆ. ಅದು ಸರಿ ಕೂಡ. ಬೋರ್ಡನ್ನು ಸೇತುವೆಯ ಈಚೆಗೆ ತರುವ ತನಕ ಇನ್ನೊಂದು ಪಥ ಮುಟ್ಟುವಂತಿಲ್ಲ ಎಂದು ಆದೇಶ ಹೋಗಿದೆ.

ಹಲಗೆಯವಳಿಗೆ ಹೊಸ ಸ್ಟೂಲು ಸಿಕ್ಕಿತೇ?

ಅಮ್ಮಾ, ನಾನು ನಿನ್ನ ಹತ್ತಿರ ಕಲಿಯಲು ಬರಲೇ? ಮೊದಲಿನಿಂದ. ಉತ್ತರ ನಿಧಾನವಾಗಿ ಬರೆದರೂ ಸರಿ.

ಗುಬ್ಬಿ


ಆಗಸ್ಟ್ ೫

ಗುಬ್ಬಿ,

ಬೋರ್ಡು ಸೇತುವೆಯ ಈಚೆ ಬಂದಿದೆ. ಜಲ್ಲಿ ಗುಡ್ಡೆ ಎತ್ತಿಸಿದ್ದಾರೆ. ಕೋನುಗಳ ಸಾಲು ಉದ್ದವಾಗಿದೆ. ಹಲಗೆಯವಳಿಗೆ ಬೇಕರಿಯವರು ಪ್ಲಾಸ್ಟಿಕ್ ಕುರ್ಚಿ ಕೊಟ್ಟಿದ್ದಾರೆ, ಬೆನ್ನಿರುವಂಥದ್ದು. "ಇದರ ಮೇಲಾದರೂ ಕೂರ್ತೀಯಾ?" ಎಂದು ಕೇಳಿದೆ. "ಡಬ್ಬಿಗೆ ಒರಗೋಕೆ ಜಾಗ ಆಯ್ತು ಅಕ್ಕಾ" ಅಂದಳು.

ನರ್ಸು ಪಾಸಾದಳು. ಪರೀಕ್ಷಕರು "ನಿಲ್ಲಿಸಿ" ಎನ್ನುವ ಮೊದಲೇ ನಿಲ್ಲಿಸಿದಳಂತೆ, ಆಮೇಲೆ ಅವರ ಬಿಪಿ ನೋಡಿದಳಂತೆ. ಬೇಕರಿಯವರು ಮತ್ತೆ ನಪಾಸು. ಇಲ್ಲಿ ಕಲಿಯುವುದು ಅವರಿಗೆ ಅಭ್ಯಾಸವಾಗಿದೆ, ಪಾಸಾದರೆ ಬೆಳಿಗ್ಗೆ ಯಾರ ಹತ್ತಿರ ಮಾತಾಡುತ್ತಾರೆ?

ನೀನು ಫೋನ್ ಮಾಡಿದ್ದರ ಬಗ್ಗೆ ನಿನ್ನ ಕಾಗದದಲ್ಲಿ ಒಂದು ಮಾತೂ ಇರಲಿಲ್ಲ. ನಾನು ಹುಡುಕಿದೆ. ಆಮೇಲೆ ಬಟ್ಟೆ ಒಣಹಾಕುವಾಗ ಅನ್ನಿಸಿತು, ಆ ಪರದೆಯ ಮುಂದೆ ನೀನೂ ಕೂತದ್ದು ಪಕ್ಕದ ಸೀಟಿನಲ್ಲೇ, ನಿನ್ನ ಕಾಲ ಕೆಳಗೂ ಒಂದು ಪೆಡಲಿತ್ತು. ನನ್ನ ಮಗಳು ಇನ್ನೇನು ಮಾಡಿಯಾಳು? ಅಷ್ಟಕ್ಕೇ ಬಿಟ್ಟುಬಿಡೋಣ.

ಬಾ. ನನ್ನ ಕಾರಿನ ನಿಯಮಗಳು ನಿನಗೆ ಗೊತ್ತು. ಏನೂ ತಿನ್ನಬಾರದು, ಅಳಬಾರದು, ಪಾಠ ಮುಗಿಯುವ ತನಕ ನನ್ನನ್ನು ಅಮ್ಮ ಎನ್ನಬಾರದು.

ಮೇಡಂ


ನವೆಂಬರ್ ೧೪

ಅಮ್ಮಾ,

ಅಕ್ಟೋಬರಿನ ಗೆರೆಗಳು ಬಂದಿವೆ. ನಮ್ಮೂರಿನ ರಸ್ತೆ ಈಗ ಪಕ್ಕದ ಮೇಜಿನವರದು. ಅವರು ಚಹಾ ಕುಡಿಯಲು ಹೋದಾಗ ಅವರ ಕುರ್ಚಿಯಲ್ಲಿ ಕೂತು ನೋಡಿದೆ.

ನಿನ್ನ ಹತ್ತಿರ ಕಲಿಯಲು ಬಂದಿದ್ದೆನಲ್ಲ, ನಾನು ಹೊರಡುವ ಹಿಂದಿನ ಬೆಳಿಗ್ಗೆಯದು. ಮನೆಯಿಂದ ಗೆರೆ ಹೊರಡುತ್ತದೆ. ಮೂಲೆಯಲ್ಲಿ ಸ್ವಲ್ಪ ವಕ್ರವಾಗುತ್ತದೆ, ನಾನು ಕಸದ ಡಬ್ಬಿಯನ್ನು ತಪ್ಪಿಸಿದ ಜಾಗ ಅದು. ಹೆದ್ದಾರಿ. ಸೇತುವೆ. ತಿರುವು. ಆಮೇಲೆ ಕೋನುಗಳ ಉದ್ದಕ್ಕೂ ನೇರವಾಗಿ ಬಂಕಿನ ತನಕ ಹೋಗಿದೆ. ಎಲ್ಲೂ ಒಂದು ಚುಕ್ಕಿಯಿಲ್ಲ. ಮೆಲ್ಲಗೆ ಒತ್ತಿದ್ದನ್ನು ಡಬ್ಬಿ ಬರೆದುಕೊಳ್ಳುವುದಿಲ್ಲ ಎಂದು ನಿನಗೆ ಹೇಳಿದ್ದೆ. ಹಲಗೆಯವಳು ನನಗೆ ಹಸಿರು ತೋರಿಸಿದ್ದು, ನಾನು ದಾಟಿದ ಮೇಲೆ ಅವಳು ಕೂಗಿದ್ದು, ಅದೂ ಇಲ್ಲ. "ಏನು ನೋಡ್ತಿದೀರಿ?" ಎಂದು ಪಕ್ಕದ ಮೇಜಿನವರು ಬಂದು ಕೇಳಿದರು. "ಏನೂ ಇಲ್ಲ," ಅಂದೆ. ಅವರೂ ಬಗ್ಗಿ ನೋಡಿ, ಏನೂ ಇಲ್ಲವೆಂದು ಒಪ್ಪಿದರು.

ಆದರೆ ನನಗೊಂದು ಅನುಮಾನ. ತಿರುವಿನಲ್ಲಿ ನಾನು ಬ್ರೇಕಿನ ಮೇಲೆ ಕಾಲಿಟ್ಟಾಗ ಕಾರು ತುಂಬಾ ನುಣುಪಾಗಿ ನಿಧಾನವಾಯಿತು. ಆ ನುಣುಪು ನನಗೆ ಗೊತ್ತು. ಹಳೆಯದು. ಡಬ್ಬಿ ಎಷ್ಟು ಜೋರಾಗಿ ಒತ್ತಿದರು ಎಂದು ಹೇಳುತ್ತದೆ, ಯಾರ ಕಾಲು ಎಂದು ಹೇಳುವುದಿಲ್ಲ. ನನ್ನ ಕಣ್ಣು ರಸ್ತೆಯ ಮೇಲಿತ್ತು, ನಿನ್ನ ಕಡೆ ನೋಡಲಿಲ್ಲ. ನೋಡಬಾರದೆಂದು ಕಲಿಸಿದವಳೂ ನೀನೇ.

ನೀನು ಒತ್ತಿದ್ದರೂ ನನಗೆ ಬೇಸರವಿಲ್ಲ. ಸುಮ್ಮನೆ ತಿಳಿಯಬೇಕು ಅನ್ನಿಸಿತು. ಡಿಸೆಂಬರಿನಲ್ಲಿ ಪರೀಕ್ಷೆಗೆ ಬರುತ್ತೇನೆ, ಅಷ್ಟರೊಳಗೆ ಹೇಳು.

ಗುಬ್ಬಿ


ನವೆಂಬರ್ ೨೩

ಗುಬ್ಬಿ,

ಆವತ್ತು ಇಳಿದಮೇಲೆ ನೀನೇ ಕೇಳಿದೆ, "ಇದೇನು, ಚಪ್ಪಲಿ ಹಿಂದಿನ ಸೀಟಿನಲ್ಲಿದೆ?" ಎಂದು. ನಾನು ಚಪ್ಪಲಿ ಮೆಟ್ಟಿಕೊಂಡು ಒಳಗೆ ಹೋದೆ. ಹಲಗೆಯವಳು ಕೂಗಿದ್ದು ಏನೆಂದೂ ನೀನು ಕೇಳಿಸಿಕೊಂಡಂತಿಲ್ಲ. "ಅಕ್ಕಾ, ಇದೇನು ಮನೇಲಿ ಕೂತ ಹಾಗೆ ಕೂತಿದೀರಿ!" ಎಂದು ಕೂಗಿ ನಕ್ಕಳು.

ಸೇತುವೆ ಬರುವ ಮೊದಲೇ ಚಪ್ಪಲಿ ಬಿಚ್ಚಿ ಹಿಂದಕ್ಕೆ ಹಾಕಿ, ಎರಡೂ ಕಾಲು ಸೀಟಿನ ಮೇಲೆ ಮಡಚಿಕೊಂಡು ಕೂತಿದ್ದೆ. ಬೇರೆಯವರ ಜೊತೆ ಹೀಗೆ ಯಾವತ್ತೂ ಕೂತಿಲ್ಲ, ಅವರಿಗಾದರೆ ಕಾಲು ಪೆಡಲಿನ ಮೇಲಿಟ್ಟುಕೊಂಡೇ ಕಾಯಬಲ್ಲೆ. ಕಲಿಸುವವರು ಮಾಡುವ ಕೆಲಸವಲ್ಲ ಇದು, ಪರೀಕ್ಷಕರಿಗೆ ಹೇಳಬೇಡ. ಆದರೆ ನಿನ್ನ ಪಕ್ಕದಲ್ಲಿ ಕಾಲು ಕೆಳಗೆ ಬಿಟ್ಟಿದ್ದರೆ ಒತ್ತಿಬಿಡುತ್ತಿದ್ದೆ.

ಅಮ್ಮ